ಟೈರ್ ಮೇಲೆ ಬರೆಯದ ಅಂಕಿ

ಹಾಸನದ ಬಿ.ಎಂ. ರಸ್ತೆಯ ಬದಿಗೆ ಟೈರ್ ಮತ್ತು ವೀಲ್ ಅಲೈನ್‌ಮೆಂಟ್ ಅಂಗಡಿ ಇಟ್ಟುಕೊಂಡವನು ನಾನು. ಸಕಲೇಶಪುರದ ತೋಟಗಳಿಂದ ಬೊಲೆರೊಗಳು ಬರುತ್ತವೆ. ಬೇಲೂರು, ಹಳೇಬೀಡು ಸುತ್ತಿಸುವ ಟ್ಯಾಕ್ಸಿ ಇನೋವಾಗಳು ಬರುತ್ತವೆ. ಹಬ್ಬಕ್ಕೆ ಬೆಂಗಳೂರಿನಿಂದ ಊರಿಗೆ ಬಂದ ಹುಡುಗರ ಸ್ವಿಫ್ಟ್, ಬಲೆನೊ, ಐ20 ಬರುತ್ತವೆ. ಟೈರ್ ಸವೆದು ಬದಲಿಸುವ ದಿನ ಬಂತೆಂದರೆ ಇವರಲ್ಲಿ ಬಹಳ ಜನರ ಬಾಯಲ್ಲಿ ಬರುವುದು ಒಂದೇ ಪ್ರಶ್ನೆ: “ಅಣ್ಣಾ, ಹೆಂಗೂ ಹಾಕಿಸ್ತಿದೀನಿ, ಒಂದ್ ಸೈಜ್ ದೊಡ್ದು ಹಾಕ್ಬಿಡೋಣ್ವಾ?”

ಇದಕ್ಕೆ ನಿಂತ ನಿಲುವಿನಲ್ಲಿ ಹೂಂ ಎನ್ನುವುದೂ ತಪ್ಪು, ಊಹೂಂ ಎನ್ನುವುದೂ ತಪ್ಪು. ಕಾಗದ, ಪೆನ್ನು ತೆಗೆದುಕೊಂಡು ಲೆಕ್ಕ ಹಾಕಬೇಕು. ಗುಣಾಕಾರ, ಕೂಡುವಿಕೆ ಬಂದರೆ ಸಾಕು. ಅಂಗಡಿಗೆ ಬರುವ ಮುಂಚೆ ಗಾಡಿಯವರೇ ಆ ಲೆಕ್ಕ ಮಾಡಿಕೊಂಡು ಬರಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

1. ಮೊದಲು ಹೊರವ್ಯಾಸ, ಅಗಲ ಆಮೇಲೆ

ಟೈರಿನ ಪಕ್ಕೆಯ ಮೇಲೆ 185/65 R15 88H ಎಂದು ಬರೆದಿದೆ ಅಂದುಕೊಳ್ಳಿ. 185 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಆ ಅಗಲದ ಶೇ. 65ರಷ್ಟು ಸೈಡ್‌ವಾಲ್ ಎತ್ತರ. R ಎಂದರೆ ರೇಡಿಯಲ್. 15 ಎಂದರೆ ರಿಮ್ಮಿನ ಅಳತೆ, ಇಂಚಿನಲ್ಲಿ. ಇಷ್ಟೆಲ್ಲ ಬರೆದಿದ್ದರೂ ಟೈರು ನೆಲದಿಂದ ನೆತ್ತಿಯವರೆಗೆ ಎಷ್ಟು ಎತ್ತರ ಎಂಬುದು ಅಲ್ಲಿಲ್ಲ. ಗಾಡಿಗೆ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಅದೇ. ಸ್ಪೀಡೋಮೀಟರ್, ಗೇರು, ಮಡ್‌ಗಾರ್ಡಿನೊಳಗಿನ ಜಾಗ, ಎಬಿಎಸ್ ಎಲ್ಲವನ್ನೂ ಕಂಪನಿಯವರು ಆ ಎತ್ತರ ಹಿಡಿದೇ ಹೊಂದಿಸಿರುತ್ತಾರೆ.

ಅದನ್ನು ಕಂಡುಹಿಡಿಯುವುದು ಹೀಗೆ. 185ರ ಶೇ. 65 ಎಂದರೆ 120.25 ಮಿ.ಮೀ. ಸೈಡ್‌ವಾಲ್ ಮೇಲೂ ಇದೆ, ಕೆಳಗೂ ಇದೆ, ಆದ್ದರಿಂದ ಎರಡರಿಂದ ಗುಣಿಸಿ: 240.5. ರಿಮ್ 15 ಇಂಚು, ಇಂಚಿಗೆ 25.4 ಮಿ.ಮೀ., ಅಂದರೆ 381. ಎರಡನ್ನೂ ಕೂಡಿದರೆ 621.5 ಮಿ.ಮೀ. ಇದೇ ಹೊರವ್ಯಾಸ.

ಈಗ ಸ್ವಿಫ್ಟ್‌ನ ಕೆಳಗಿನ ಮಾಡೆಲ್‌ಗಳಿಗೆ ಬರುತ್ತಿದ್ದ 165/80 R14 ತೆಗೆದುಕೊಳ್ಳಿ. ಸೈಡ್‌ವಾಲ್ 132, ಎರಡು ಸೇರಿ 264, ರಿಮ್ 355.6, ಒಟ್ಟು 619.6. ಮೇಲಿನ ಮಾಡೆಲ್‌ಗಳಿಗೆ ಬರುವುದು 185/65 R15, ಅದರದು 621.5. ಅಗಲ 20 ಮಿ.ಮೀ. ಜಾಸ್ತಿಯಾಯಿತು, ರಿಮ್ ಒಂದು ಇಂಚು ದೊಡ್ಡದಾಯಿತು, ಆದರೂ ಹೊರವ್ಯಾಸದಲ್ಲಿ ವ್ಯತ್ಯಾಸ ಎರಡು ಮಿಲಿಮೀಟರ್ ಕೂಡ ಇಲ್ಲ. ಬಲೆನೊದಲ್ಲಿ ಕಂಪನಿಯೇ ಕೊಡುವ 195/55 R16 ಲೆಕ್ಕ ಹಾಕಿ ನೋಡಿ: 620.9. ಮೂರು ಬೇರೆ ಬೇರೆ ರಿಮ್ಮಿನ ಟೈರುಗಳು, ಎತ್ತರ ಮಾತ್ರ ಒಂದೇ. ಇದು ತಾನಾಗಿ ಆದದ್ದಲ್ಲ. ರಿಮ್ ದೊಡ್ಡದು ಮಾಡಿದರೆ ಸೈಡ್‌ವಾಲ್ ಅಷ್ಟೇ ಚಿಕ್ಕದು ಮಾಡಬೇಕು ಎಂಬ ನಿಯಮ ಅಲ್ಲಿ ಕೆಲಸ ಮಾಡಿದೆ.

ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಓಮ್ನಿಯ 145 R12 LT ತರಹದ ಟೈರುಗಳಲ್ಲಿ ಓರೆಗೆರೆಯ ನಂತರದ ಅಂಕಿಯೇ ಇರುವುದಿಲ್ಲ. ಅಲ್ಲಿ ಸುಮಾರು 82 ಎಂದು ಹಿಡಿದು ಲೆಕ್ಕ ಹಾಕಿ. ಜಿಪ್ಸಿ, ಜೀಪುಗಳಿಗೆ ಹಾಕಿಸುವ 31×10.50 R15 ತರಹದವುಗಳಲ್ಲಿ ಮಾತ್ರ ಮೊದಲ ಅಂಕಿಯೇ ಹೊರವ್ಯಾಸ, ಅದೂ ಇಂಚಿನಲ್ಲಿ.

2. ಸವೆದ ಟೈರಿಗೆ ಟೇಪ್ ಹಿಡಿದು ಹೋಲಿಸಬೇಡಿ

ಹೊಸ ಕಾರು ಟೈರಿನ ಬಟನ್ (ಟ್ರೆಡ್) ಆಳ ಸಾಮಾನ್ಯವಾಗಿ 8 ಮಿ.ಮೀ. ಆಸುಪಾಸು. ಕಾನೂನಿನ ಪ್ರಕಾರ ಕಾರಿಗೆ 1.6 ಮಿ.ಮೀ. ಉಳಿದಾಗ ಟೈರಿನ ಆಯಸ್ಸು ಮುಗಿಯಿತು. ಅಂದರೆ ಪೂರ್ತಿ ಸವೆಯುವ ಹೊತ್ತಿಗೆ ಮೇಲೆ ಕೆಳಗೆ ಸೇರಿ ಹೆಚ್ಚುಕಡಿಮೆ 13 ಮಿ.ಮೀ. ವ್ಯಾಸ ಕರಗಿರುತ್ತದೆ. 621.5ರಲ್ಲಿ ಅದು ಶೇ. 2. ಅದೇ ಸೈಜಿನ ಹೊಸ ಟೈರ್ ಹಾಕಿದರೂ ಗಾಡಿ ಆರು ಮಿಲಿಮೀಟರ್ ಮೇಲೇಳುತ್ತದೆ. “ದೊಡ್ಡ ಸೈಜ್ ಹಾಕಿದ ಮೇಲೆ ಗಾಡಿ ಎಷ್ಟು ಎತ್ತರ ಆಯ್ತು ನೋಡಿ” ಎಂದು ಸಂತೋಷಪಡುವವರಿಗೆ ಆ ಎತ್ತರದಲ್ಲಿ ಒಂದು ಪಾಲು ಹೊಸತನದ್ದು ಎಂದು ನಾನು ನೆನಪಿಸುತ್ತೇನೆ. ಹೋಲಿಕೆ ಯಾವಾಗಲೂ ಹೊಸದಕ್ಕೂ ಹೊಸದಕ್ಕೂ ಆಗಬೇಕು. ಹಳೆಯ ಸೈಜನ್ನು ಚಾಲಕನ ಬಾಗಿಲ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ನೋಡಿ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಇದು ಇನ್ನೂ ಮುಖ್ಯ, ಈಗ ಹಾಕಿರುವುದೇ ಮೂಲ ಸೈಜ್ ಎಂಬ ಖಾತ್ರಿ ಇಲ್ಲ.

3. ನೆಲದಿಂದ ಸಿಗುವ ಎತ್ತರ, ವ್ಯತ್ಯಾಸದ ಅರ್ಧ ಮಾತ್ರ

ನಮ್ಮ ಕಡೆ ದೊಡ್ಡ ಟೈರ್ ಕೇಳುವುದಕ್ಕೆ ದೊಡ್ಡ ಕಾರಣ ಹಂಪು. ಊರೂರಿಗೂ ಅಳತೆಯಿಲ್ಲದ ಹಂಪುಗಳು, ತೋಟದ ದಾರಿಯಲ್ಲಿ ನಡುವೆ ಎದ್ದ ದಿಬ್ಬ. ಕಾರಿನ ಹೊಟ್ಟೆ ತಾಗುತ್ತದೆ ಎಂಬ ಸಂಕಟ ನಿಜವಾದದ್ದೇ.

185/65 R15 ತೆಗೆದು 195/65 R15 ಹಾಕಿದರೆ ಹೊರವ್ಯಾಸ 634.5 ಆಗುತ್ತದೆ, 13 ಮಿ.ಮೀ. ಜಾಸ್ತಿ. ಆದರೆ ಆಕ್ಸಲ್ ಇರುವುದು ಚಕ್ರದ ನಡುಮಧ್ಯದಲ್ಲಿ. ಗಾಡಿ ಮೇಲೇಳುವುದು ಆರೂವರೆ ಮಿ.ಮೀ. ಮಾತ್ರ. ನಿಮ್ಮ ಕಿರುಬೆರಳಿನ ದಪ್ಪವೂ ಇಲ್ಲ. ಹಂಪಿನಲ್ಲಿ ಹೊಟ್ಟೆ ತಾಗುವ ಕಾರು ಇದರಿಂದ ತಾಗುವುದು ಬಿಡುವುದಿಲ್ಲ. ಹಿಂದಿನ ಸ್ಪ್ರಿಂಗ್ ಕುಗ್ಗಿದೆಯೇ, ಶಾಕ್ ಅಬ್ಸಾರ್ಬರ್ ಎಣ್ಣೆ ಬಿಟ್ಟಿದೆಯೇ ಎಂದು ಮೊದಲು ನೋಡಿಸಿ. ಎಷ್ಟೋ ಗಾಡಿಗಳ ಕಾಯಿಲೆ ಅಲ್ಲಿರುತ್ತದೆ.

4. ಶೇ. 3 ದಾಟಿದರೆ ಕೈ ಹಿಂದಕ್ಕೆ ತೆಗೆಯಿರಿ

ಹೊಸ ಸೈಜಿನ ಹೊರವ್ಯಾಸ ಹಳೆಯದಕ್ಕಿಂತ ಶೇ. 3ಕ್ಕಿಂತ ಹೆಚ್ಚು ಬೇರೆಯಾಗಬಾರದು ಎಂಬುದು ನಮ್ಮ ಕಸುಬಿನಲ್ಲಿ ಎಲ್ಲರೂ ಹಿಡಿಯುವ ಗೆರೆ. ನಾನು ಇನ್ನೂ ಬಿಗಿ ಹಿಡಿಯುತ್ತೇನೆ. ದೊಡ್ಡದು ಮಾಡುವಾಗ ಶೇ. 2 ದಾಟಲು ಒಪ್ಪುವುದಿಲ್ಲ, ಕಂಪನಿಯೇ ಆ ಮಾಡೆಲ್‌ಗೆ ಎರಡೂ ಸೈಜ್ ಕೊಟ್ಟಿದ್ದರೆ ಮಾತು ಬೇರೆ. ಕ್ರೆಟಾಗೆ 205/65 R16 (672.9) ಕೂಡ ಬಂದಿದೆ, 215/60 R17 (689.8) ಕೂಡ ಬಂದಿದೆ. ಅಲ್ಲಿ ಶೇ. 2.5ರ ವ್ಯತ್ಯಾಸ ಇದೆ, ಆದರೆ ಅದನ್ನು ಪರೀಕ್ಷಿಸಿ ನೋಡಿದವರು ಗಾಡಿ ಮಾಡಿದವರು.

ತೋಟದವರು ಬೊಲೆರೊಗೆ ಕೇಳುವುದು 215/75 R15 ಬದಲು 235/75 R15. ನೋಡಲು ಗಾಡಿ ಗಂಭೀರವಾಗುತ್ತದೆ, ಒಪ್ಪುತ್ತೇನೆ. ಲೆಕ್ಕದಲ್ಲಿ 703.5 ಹೋಗಿ 733.5 ಬರುತ್ತದೆ, ಶೇ. 4.3 ಜಾಸ್ತಿ. ಇದರ ಅರ್ಥ, ಪ್ರತಿ ಗೇರೂ ಅಷ್ಟರಮಟ್ಟಿಗೆ ಉದ್ದವಾಗುತ್ತದೆ. ಕಾಫಿ ಮೂಟೆ ಹೇರಿಕೊಂಡು ತೋಟದ ಏರು ಹತ್ತುವಾಗ ಮೊದಲು ಎರಡನೇ ಗೇರಿನಲ್ಲಿ ಎಳೆಯುತ್ತಿದ್ದ ಕಡೆ ಒಂದನೆಯದಕ್ಕೆ ಇಳಿಯಬೇಕಾಗುತ್ತದೆ, ಅರ್ಧ ಕ್ಲಚ್ಚಿನಲ್ಲಿ ಹಿಡಿದು ನಿಲ್ಲಿಸುವ ಅಭ್ಯಾಸ ಇದ್ದರಂತೂ ಪ್ಲೇಟು ಬೇಗ ಸುಡುತ್ತದೆ. ಬ್ರೇಕಿಗೂ ಕೆಲಸ ಜಾಸ್ತಿ, ಏಕೆಂದರೆ ಡಿಸ್ಕೂ ಡ್ರಮ್ಮೂ ಅಷ್ಟೇ ಇದ್ದು ಅವು ಹಿಡಿದು ನಿಲ್ಲಿಸಬೇಕಾದ ಚಕ್ರ ದೊಡ್ಡದಾಗಿ, ಭಾರವಾಗಿ ಬೆಳೆದಿದೆ. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಮಳೆಯಲ್ಲಿ ಇಳಿಯುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇಷ್ಟೆಲ್ಲ ಕೊಟ್ಟು ಪಡೆಯುವ ನೆಲದ ಎತ್ತರ 15 ಮಿ.ಮೀ.

ಅಗಲವೇ ಬೇಕು, ಎತ್ತರ ಬೇಡ ಎನ್ನುವವರಿಗೆ ದಾರಿ ಇದೆ. 185/65 R15 ಇದ್ದವರು 195/65ಕ್ಕೆ ಹೋಗುವ ಬದಲು 195/60 R15 ನೋಡಿ: 615, ಶೇ. 1ರಷ್ಟು ಕಡಿಮೆ. ಗಾಡಿ ಮೂರು ಮಿ.ಮೀ. ತಗ್ಗುತ್ತದೆ ಅಷ್ಟೇ.

5. ಮೀಟರು ಹೇಳುವ ಸುಳ್ಳನ್ನು ಅರ್ಥ ಮಾಡಿಕೊಳ್ಳಿ

ಸ್ಪೀಡೋಮೀಟರ್ ರಸ್ತೆಯನ್ನು ಅಳೆಯುವುದಿಲ್ಲ, ಚಕ್ರ ಸುತ್ತಿದ್ದನ್ನು ಎಣಿಸುತ್ತದೆ. ಚಕ್ರ ದೊಡ್ಡದಾದರೆ ಅದೇ ದೂರಕ್ಕೆ ಸುತ್ತು ಕಡಿಮೆ. 185/65 R15 ಬದಲು 205/65 R15 ಹಾಕಿದರೆ ಹೊರವ್ಯಾಸ 647.5, ಶೇ. 4.2 ಜಾಸ್ತಿ. ಮುಂಚೆ ಗಾಡಿ ನಿಜವಾಗಿ 96ರಲ್ಲಿ ಓಡುವಾಗ ಮೀಟರು ನೂರು ತೋರಿಸುತ್ತಿದ್ದರೆ, ಈಗ ಅದೇ ನೂರಕ್ಕೆ ಗಾಡಿ ನಿಜವಾಗಿ ನೂರರಲ್ಲೇ ಓಡುತ್ತಿರುತ್ತದೆ. ಕಂಪನಿಗಳು ಮೀಟರನ್ನು ಸ್ವಲ್ಪ ಜಾಸ್ತಿ ತೋರಿಸುವಂತೆಯೇ ಇಡುತ್ತವೆ. ಮೀಟರು ತೋರಿಸುವ ವೇಗ ನಿಜವಾದ ವೇಗಕ್ಕಿಂತ ಎಂದೂ ಕಡಿಮೆ ಇರಕೂಡದು ಎಂದು ವಿಶ್ವಸಂಸ್ಥೆಯ 39ನೇ ವಾಹನ ನಿಯಮ ಹೇಳುತ್ತದೆ. ದೊಡ್ಡ ಟೈರು ಆ ರಕ್ಷಣೆಯ ಅಂತರವನ್ನು ತಿಂದುಹಾಕುತ್ತದೆ. ಮೊಬೈಲಿನ ಜಿಪಿಎಸ್ ವೇಗವನ್ನು ಮೀಟರಿನ ಪಕ್ಕ ಇಟ್ಟು, ನೇರ ರಸ್ತೆಯಲ್ಲಿ ಜೊತೆಯವರಿಂದ ಒಮ್ಮೆ ಓದಿಸಿದರೆ ನಿಮ್ಮ ಗಾಡಿಯ ಅಂತರ ಎಷ್ಟೆಂದು ಗೊತ್ತಾಗುತ್ತದೆ. ಟೈರ್ ಬದಲಿಸುವ ಮುಂಚೆಯೂ ಆಮೇಲೂ ಇದನ್ನು ಮಾಡಿ ಬರೆದಿಟ್ಟುಕೊಳ್ಳಿ.

ಮೈಲೇಜಿನ ವಿಷಯ ಇನ್ನೂ ಕುತೂಹಲದ್ದು. ಸಾವಿರ ಕಿಲೋಮೀಟರಿಗೆ 50 ಲೀಟರ್ ಹಾಕಿಸುತ್ತಿದ್ದವರಿಗೆ ಲೀಟರಿಗೆ 20 ಬರುತ್ತಿತ್ತು. ಆ 205/65 ಹಾಕಿಸಿದ ಮೇಲೆ ಅದೇ ಸಾವಿರ ಕಿ.ಮೀ. ಓಡಿದರೂ ಮೀಟರು ತೋರಿಸುವುದು 960. ಪೆಟ್ರೋಲ್ ಒಂದು ತೊಟ್ಟೂ ಜಾಸ್ತಿ ಕುಡಿಯದಿದ್ದರೂ ಲೆಕ್ಕದಲ್ಲಿ 19.2 ಆಗಿಬಿಡುತ್ತದೆ. ಅಗಲ, ಭಾರ ಜಾಸ್ತಿಯಾಗಿದ್ದಕ್ಕೆ ನಿಜವಾಗಿಯೂ ಒಂದಿಷ್ಟು ಇಳಿಯುತ್ತದೆ. ಅದು ಎಷ್ಟು ಎಂದು ತಿಳಿಯಬೇಕಾದರೆ ಮೊದಲು ಈ ಮೀಟರಿನ ವ್ಯತ್ಯಾಸವನ್ನು ತೆಗೆದುಹಾಕಿ ನೋಡಬೇಕು.

ಟ್ಯಾಕ್ಸಿಯವರಿಗೆ ಇದು ಸೀದಾ ಜೇಬಿನ ಪ್ರಶ್ನೆ. ಹಳೆಯ ಇನೋವಾದ 205/65 R15 ತೆಗೆಸಿ 215/65 R15 ಹಾಕಿಸಿದರೆ ವ್ಯಾಸ ಶೇ. 2 ಜಾಸ್ತಿ. 300 ಕಿ.ಮೀ. ಓಡಿದ ಬಾಡಿಗೆಗೆ ಮೀಟರಿನಲ್ಲಿ ಸಿಗುವುದು 294. ಕಿಲೋಮೀಟರ್ ಲೆಕ್ಕದ ಬಾಡಿಗೆಯಲ್ಲಿ ಪ್ರತಿ ಟ್ರಿಪ್ಪಿಗೂ ಆರು ಕಿ.ಮೀ. ನಷ್ಟ. ಇದನ್ನು ಹೇಳಿದ ಮೇಲೆ ದೊಡ್ಡ ಸೈಜಿನ ಆಸೆ ಬಿಟ್ಟ ಚಾಲಕರನ್ನು ಕಂಡಿದ್ದೇನೆ.

6. ಕೊನೆಯ ಎರಡಂಕಿ, ಒಂದಕ್ಷರ

ಸೈಜಿನ ಕೊನೆಯಲ್ಲಿರುವ 88H ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ನನಗೆ ಬೇಸರ ತರುವ ವಿಷಯ ಇದು, ಏಕೆಂದರೆ ಜೀವಕ್ಕೆ ಹತ್ತಿರದ ಅಂಕಿ ಇದೇ. 88 ಎಂದರೆ ಒಂದು ಟೈರು 560 ಕೆ.ಜಿ. ಹೊರಬಲ್ಲದು. 85ಕ್ಕೆ 515, 91ಕ್ಕೆ 615, 94ಕ್ಕೆ 670. H ಎಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ, T ಎಂದರೆ 190, S ಎಂದರೆ 180.

ರಿಮ್ ದೊಡ್ಡದಾದರೆ ಹೊರುವ ಶಕ್ತಿಯೂ ಹೆಚ್ಚುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆದರೆ 185/65 R15ರ ಭಾರದ ಇಂಡೆಕ್ಸ್ 88, ಅದೇ ಎತ್ತರದ 195/55 R16ರದು ಸಾಮಾನ್ಯವಾಗಿ 87. ಅಂದರೆ 15 ಕೆ.ಜಿ. ಕಡಿಮೆ. ಬಲೆನೊಗೆ ಎರಡೂ ಸಾಲುತ್ತವೆ, ಆ ಮಾತು ಬೇರೆ. ಇನೋವಾದಂಥ ಗಾಡಿಯಲ್ಲಿ ಮಾತ್ರ ಇದು ಆಟವಲ್ಲ. 205/65 R15ರ 94 ಇರಬೇಕಾದ ಕಡೆ, ಬೆಲೆ ಕಡಿಮೆಗೆ ಸಿಕ್ಕಿತೆಂದು 205/60 R15 ಹಾಕಿದರೆ ಅದರ ಇಂಡೆಕ್ಸ್ 91. ನಾಲ್ಕು ಚಕ್ರ ಸೇರಿ 220 ಕೆ.ಜಿ. ಶಕ್ತಿ ಕಳೆದುಹೋಯಿತು. ಎಂಟು ಜನ ಕೂತು, ಮೇಲೆ ಲಗೇಜು ಕಟ್ಟಿ, ಧರ್ಮಸ್ಥಳಕ್ಕೆ ಬೇಸಿಗೆಯಲ್ಲಿ ಹೊರಟ ಗಾಡಿಯ ಹಿಂದಿನ ಟೈರು ಕಾಯುವುದು, ಸಿಡಿಯುವುದು ಹೀಗೆಯೇ. ಮೂಲ ಟೈರಿನ ಭಾರದ ಅಂಕಿಗಿಂತ ಕೆಳಗೆ ನಾನು ಯಾರಿಗೂ ಹಾಕಿಕೊಡುವುದಿಲ್ಲ, ಬೇರೆ ಅಂಗಡಿಗೆ ಹೋದರೂ ಸರಿ.

7. ಟೈರು ಕೂರುವ ರಿಮ್ಮನ್ನೂ ಕೇಳಿ

ಪ್ರತಿ ಟೈರ್ ಸೈಜಿಗೂ ಇಷ್ಟರಿಂದ ಇಷ್ಟು ಅಗಲದ ರಿಮ್ ಎಂಬ ಮಿತಿ ಇದೆ. 185/65 R15ಕ್ಕೆ ಅದು 5ರಿಂದ 6.5 ಇಂಚು. ಕಿರಿದಾದ ರಿಮ್ಮಿಗೆ ಅಗಲದ ಟೈರ್ ಕೂರಿಸಿದರೆ ಅದರ ಹೊಟ್ಟೆ ಉಬ್ಬಿ ನಡುಭಾಗ ಮಾತ್ರ ರಸ್ತೆಗೆ ಒತ್ತುತ್ತದೆ, ತಿರುವಿನಲ್ಲಿ ಗಾಡಿ ಓಲಾಡುತ್ತದೆ. ಅಗಲಕ್ಕೆ ಕೊಟ್ಟ ದುಡ್ಡು ರಸ್ತೆಯನ್ನು ಮುಟ್ಟುವುದೇ ಇಲ್ಲ. ರಿಮ್ ಅರ್ಧ ಇಂಚು ಅಗಲವಾದರೆ ಅದೇ ಟೈರು ಸುಮಾರು 5 ಮಿ.ಮೀ. ಅಗಲವಾಗಿ ಕೂರುತ್ತದೆ ಎಂಬುದೂ ನೆನಪಿರಲಿ. ಜೊತೆಗೆ, ಒಂದೇ ಸೈಜ್ ಬರೆದ ಎರಡು ಕಂಪನಿಯ ಟೈರುಗಳು ನಿಜವಾದ ಅಗಲದಲ್ಲಿ ಕೆಲವು ಮಿಲಿಮೀಟರ್ ಬೇರೆ ಇರುತ್ತವೆ. ಜಾಗ ಬಿಗಿ ಇದ್ದರೆ ಆ ಟೈರಿನ ಮಾಹಿತಿ ಪಟ್ಟಿಯಲ್ಲಿ ಕೊಟ್ಟಿರುವ ಅಳತೆಯನ್ನೇ ನಂಬಿ.

8. ಅಲಾಯ್ ಬದಲಿಸುವವರು ಇನ್ನೂ ನಾಲ್ಕು ಅಳತೆ ಕೇಳಬೇಕು

ತೂತುಗಳ ವೃತ್ತ ಮೊದಲನೆಯದು. ಸ್ವಿಫ್ಟ್, ಬಲೆನೊ, ಐ20, ಹೋಂಡಾ ಸಿಟಿ ಎಲ್ಲ ನಾಲ್ಕು ತೂತು, 100 ಮಿ.ಮೀ. ಇದೊಂದನ್ನೇ ನೋಡಿ “ಫಿಟ್ ಆಗುತ್ತೆ” ಎಂದು ಹಳೆಯ ಅಲಾಯ್ ಕೊಂಡು ತರುವವರು ಬಹಳ. ನಡುವಿನ ತೂತು ಎರಡನೆಯದು. ಮಾರುತಿಯ ಈ ಕಾರುಗಳ ಹಬ್ 54.1 ಮಿ.ಮೀ., ಸಿಟಿಯದು 56.1. ಸಿಟಿಯ ಅಲಾಯ್ ಸ್ವಿಫ್ಟಿಗೆ ಸಡಿಲವಾಗಿ ಕೂರುತ್ತದೆ. ನಡುವೆ ಹಬ್ ರಿಂಗ್ ಹಾಕದಿದ್ದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ವೇಗ ಏರಿದಾಗ ಸ್ಟೀರಿಂಗ್ ನಡುಗುತ್ತದೆ. ಸ್ವಿಫ್ಟಿನ ಅಲಾಯ್ ಅಂತೂ ಸಿಟಿಗೆ ಹತ್ತುವುದೇ ಇಲ್ಲ.

ನಟ್ ಮೂರನೆಯದು. ಮಾರುತಿಯ ನಟ್ಟಿನ ಮರೆಯ (ಥ್ರೆಡ್) ಅಂತರ 1.25 ಮಿ.ಮೀ., ಹೋಂಡಾದ್ದು 1.5. ಹೋಂಡಾ ಕಂಪನಿಯ ರಿಮ್ಮಿನಲ್ಲಿ ನಟ್ ಕೂರುವ ಜಾಗ ಗುಂಡಾಗಿರುತ್ತದೆ, ಬೇರೆ ಬಹಳಷ್ಟರಲ್ಲಿ ಶಂಕುವಿನ ಆಕಾರ. ತಪ್ಪು ನಟ್ ಬಿಗಿಯಾದಂತೆ ಕಂಡರೂ ಅಂಚಿನಲ್ಲಷ್ಟೇ ಕಚ್ಚಿರುತ್ತದೆ. ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ.

ಆಫ್‌ಸೆಟ್ ನಾಲ್ಕನೆಯದು. ರಿಮ್ಮಿನ ಒಳಗೆ ಇಟಿ 45, ಇಟಿ 35 ಎಂದು ಕೊರೆದಿರುತ್ತದೆ. 6 ಇಂಚಿನ ಇಟಿ 45 ತೆಗೆದು 7 ಇಂಚಿನ ಇಟಿ 35 ಹಾಕಿದಿರಿ ಎನ್ನಿ. ಅಗಲ ಹೆಚ್ಚಿದ್ದರಿಂದ ಎರಡೂ ಪಕ್ಕಕ್ಕೆ 12.7 ಮಿ.ಮೀ., ಇಟಿ ಇಳಿದದ್ದರಿಂದ ಹೊರಗೆ ಇನ್ನೂ 10. ರಿಮ್ಮಿನ ಹೊರ ಅಂಚು 22.7 ಮಿ.ಮೀ. ಆಚೆ ಬಂತು. ಮಡ್‌ಗಾರ್ಡ್ ತಾಗುವುದು, ಕೆಸರು ಬಾಗಿಲಿಗೆ ಹಾರುವುದು, ಬೇರಿಂಗ್ ಬೇಗ ಗುಂಯ್‌ಗುಡುವುದು ಎಲ್ಲ ಇಲ್ಲಿಂದಲೇ.

9. ನಮ್ಮ ರಸ್ತೆಗೆ ಸೈಡ್‌ವಾಲ್ ಬೇಕು

165/80ರಲ್ಲಿ ರಿಮ್ಮಿನ ಅಂಚಿಗೂ ನೆಲಕ್ಕೂ ನಡುವೆ 132 ಮಿ.ಮೀ. ರಬ್ಬರು ಮತ್ತು ಗಾಳಿ. 185/65ರಲ್ಲಿ 120. 195/55ರಲ್ಲಿ 107. ಮಳೆಗಾಲದ ಮಲೆನಾಡಿನಲ್ಲಿ ನೀರು ತುಂಬಿದ ಗುಂಡಿಯ ಆಳ ಇಳಿದ ಮೇಲೆಯೇ ತಿಳಿಯುವುದು. ಆಗ ಆ 25 ಮಿ.ಮೀ.ನ ಬೆಲೆ ಗೊತ್ತಾಗುತ್ತದೆ. ಸೈಡ್‌ವಾಲ್ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಒಳಗಿನ ನೂಲು ಹರಿದರೆ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ ಏಳುತ್ತದೆ. ಅದಕ್ಕೆ ರಿಪೇರಿ ಇಲ್ಲ, ಎಸೆಯುವುದೊಂದೇ. ಅಲಾಯ್ ಸೊಟ್ಟಗಾದರೆ ಅದು ಬೇರೆ ಖರ್ಚು.

ಹೆದ್ದಾರಿಯಲ್ಲೇ ಓಡುವವರು, ತಿರುವಿನಲ್ಲಿ ಗಾಡಿ ನೆಟ್ಟಗೆ ನಿಲ್ಲಬೇಕು ಎನ್ನುವವರು ಕಡಿಮೆ ಪ್ರೊಫೈಲಿಗೆ ಹೋಗಲಿ, ಅವರಿಗೆ ಅದರ ಸುಖ ಇದೆ. ಹಳ್ಳಿಯ ನಂಟು ಇಟ್ಟುಕೊಂಡ ಕಾರಿಗೆ ಸೈಡ್‌ವಾಲ್ 110 ಮಿ.ಮೀ.ಗಿಂತ ಕೆಳಗೆ ಇಳಿಸಬೇಡಿ ಎಂಬುದು ನನ್ನ ಅಭಿಪ್ರಾಯ. 16 ಇಂಚಿನ ಅಲಾಯ್ ಇಳಿಸಿ ಮತ್ತೆ 15ಕ್ಕೆ ಮರಳಿದವರಿಗೆ ನಾನು ಸಂತೋಷದಿಂದ ಕೆಲಸ ಮಾಡಿಕೊಟ್ಟಿದ್ದೇನೆ. ಒಳಗಿನ ಬ್ರೇಕ್ ಕ್ಯಾಲಿಪರ್ ಚಿಕ್ಕ ರಿಮ್ಮಿಗೆ ತಾಗದೆಂದು ನೋಡಿಕೊಂಡರೆ ಸಾಕು.

10. ನಾಲ್ಕೂ ಹಾಕಿಸುವ ಮುಂಚೆ ಒಂದು ಹಾಕಿಸಿ, ಸೀಮೆಸುಣ್ಣ ಬಳಿಯಿರಿ

ಮುಂದಿನ ಒಂದು ಚಕ್ರಕ್ಕೆ ಮಾತ್ರ ಹೊಸ ಸೈಜ್ ಹಾಕಿಸಿ. ಟೈರಿನ ಎರಡೂ ಭುಜಕ್ಕೆ ದಪ್ಪಗೆ ಸೀಮೆಸುಣ್ಣ ಬಳಿಯಿರಿ. ಗಾಡಿಯಲ್ಲಿ ನಾಲ್ಕು ಜನ ಕೂತು, ಸ್ಟೀರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ನಿಧಾನಕ್ಕೆ ಮುಂದೆ ಹಿಂದೆ ಓಡಿಸಿ, ಒಂದು ಹಂಪನ್ನು ಓರೆಯಾಗಿ ಹತ್ತಿಸಿ ಇಳಿಸಿ. ಆಮೇಲೆ ಟಾರ್ಚ್ ಹಿಡಿದು ಮಡ್‌ಗಾರ್ಡಿನ ಒಳಪದರ, ಮಡ್‌ಫ್ಲಾಪ್, ಸ್ಟ್ರಟ್ಟಿನ ಸ್ಪ್ರಿಂಗ್ ಕೂರುವ ಬಟ್ಟಲು ಇವುಗಳ ಮೇಲೆ ಬಿಳಿ ಗುರುತು ಬಿದ್ದಿದೆಯೇ ನೋಡಿ. ಸ್ಟ್ರಟ್ಟಿಗೂ ಟೈರಿಗೂ ನಡುವೆ ಬೆರಳು ಸಲೀಸಾಗಿ ಹೋಗಬೇಕು. ಹಿಂದಿನ ಚಕ್ರಕ್ಕೂ ಇದೇ ಪರೀಕ್ಷೆ, ಅಲ್ಲಿ ಡಿಕ್ಕಿಯಲ್ಲಿ ಭಾರ ಇಟ್ಟು. ಖಾಲಿ ಗಾಡಿಯನ್ನು ಅಂಗಡಿಯ ಸಮನೆಲದಲ್ಲಿ ತಿರುಗಿಸಿ “ತಾಗಲ್ಲ” ಎನ್ನುವವರ ಮಾತು ನಂಬಬೇಡಿ. ಒಂದು ಟೈರಿನ ಅಳವಡಿಕೆ ಕೂಲಿ ಹೋದರೆ ಹೋಗಲಿ, ನಾಲ್ಕು ಟೈರಿನ ದುಡ್ಡು ಉಳಿಯುತ್ತದೆ.

11. ಸ್ಟೆಪ್ನಿ, ಎಬಿಎಸ್, ಫೋರ್ ವೀಲ್

ಹೊಸ ಸೈಜಿನ ಹೊರವ್ಯಾಸ ಸ್ಟೆಪ್ನಿಯದಕ್ಕಿಂತ ದೂರ ಹೋದಷ್ಟೂ ಪಂಚರ್ ಆದ ದಿನ ತೊಂದರೆ. ಎಬಿಎಸ್ ಪ್ರತಿ ಚಕ್ರದ ಸುತ್ತನ್ನು ಪಕ್ಕದ್ದರ ಜೊತೆ ಹೋಲಿಸುತ್ತಿರುತ್ತದೆ. ಒಂದು ಚಕ್ರ ಮಾತ್ರ ಬೇರೆಯಾದರೆ ಅದಕ್ಕೆ ಗೊಂದಲ. ಫೋರ್ ವೀಲ್ ಹಾಕುವ ಥಾರ್‌ನಂಥ ಗಾಡಿಯಲ್ಲಿ ನಾಲ್ಕೂ ಒಂದೇ ಸೈಜ್, ಸಾಧ್ಯವಾದಷ್ಟು ಒಂದೇ ಸವೆತ ಇರಲೇಬೇಕು. ಮುಂದೊಂದು ಹಿಂದೊಂದು ಇದ್ದರೆ ಟ್ರಾನ್ಸ್‌ಫರ್ ಕೇಸಿನ ಮೇಲೆ ಒತ್ತಡ ಏರುತ್ತದೆ.

12. ಕಾಗದಪತ್ರ

ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ಮಾತನ್ನು ಎತ್ತಿಹಿಡಿದಿದೆ. ಆದ್ದರಿಂದ ಅದೇ ಕಾರಿನ ಇನ್ನೊಂದು ಮಾಡೆಲ್‌ಗೆ ಕಂಪನಿಯೇ ಕೊಟ್ಟಿರುವ ಸೈಜಿಗೆ ಹೋಗುವುದು ಎಲ್ಲಕ್ಕಿಂತ ನೆಮ್ಮದಿಯ ದಾರಿ. ವಾರಂಟಿ ಇರುವ ಗಾಡಿಯಾದರೆ ಸರ್ವೀಸ್ ಸೆಂಟರಿನಲ್ಲಿ, ಮತ್ತು ಇನ್ಶೂರೆನ್ಸ್ ಕಂಪನಿಯಲ್ಲಿ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

13. ಹಾಕಿಸಿದ ಮೇಲೆ

ಗಾಳಿಯ ಒತ್ತಡ ಹಳೆಯದೇ ಇರಲಿ ಎಂದು ಬಿಡಬೇಡಿ. ಮೇಲಿನ ಮಾಡೆಲ್‌ನ ಸೈಜ್ ಹಾಕಿಸಿದ್ದರೆ ಆ ಮಾಡೆಲ್‌ನ ಚೀಟಿಯಲ್ಲಿರುವ ಒತ್ತಡ ಇಡಿ. ಎಕ್ಸ್‌ಎಲ್ (ಎಕ್ಸ್‌ಟ್ರಾ ಲೋಡ್) ಎಂದು ಬರೆದ ಟೈರು ತನ್ನ ಪೂರ್ತಿ ಭಾರ ಹೊರಬೇಕಾದರೆ ಸಾಮಾನ್ಯ ಟೈರಿಗಿಂತ ಹೆಚ್ಚು ಗಾಳಿ ಬೇಕು. ಬೇರೆ ಸೈಜಾದರೆ ಟೈರ್ ಕಂಪನಿಯ ಭಾರ-ಒತ್ತಡದ ಪಟ್ಟಿ ಕೇಳಿ ಪಡೆಯಿರಿ. ಅಲೈನ್‌ಮೆಂಟ್ ಅದೇ ದಿನ ಮಾಡಿಸಿ. ನಟ್ಟುಗಳನ್ನು ಗನ್ನಿನಿಂದ ಬಿಗಿಸಿ ಕಳಿಸಿದರೆ ಟಾರ್ಕ್ ರೆಂಚ್ ಹಾಕಿ ಅಂತ ಕೇಳಿ, ನಿಮಗೆ ಆ ಹಕ್ಕಿದೆ. ಹೊಸ ಅಲಾಯ್ ಹಾಕಿಸಿದ್ದರೆ 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಂದು ನಟ್ ಬಿಗಿ ನೋಡಿಸಿಕೊಂಡು ಹೋಗಿ. ಅದಕ್ಕೆ ನಮ್ಮಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ.